ಕಂಡ ಮೇಲೆ ಸುಮ್ಮನಿರಬಹುದೇ?

ಶಾಲೆಯಲ್ಲಿ ಮಕ್ಕಳ ಆರೋಗ್ಯ – ಒಂದು ಚಿಂತನೆ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಕಾಸರಗೋಡಿನ ಕನ್ನಡಿಗರಾದ ನಾವು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಪ್ರತಿ ವರ್ಷವೂ ಒಂದೇ. ಕನ್ನಡ ಮಾಧ್ಯಮಕ್ಕೆ ಎಷ್ಟು ಮಕ್ಕಳು ಸೇರಿದರು? ಡಿವಿಷನ್ ಉಳಿಯಿತೇ, ಹೋಯಿತೇ? ಹೊಸದಾಗಿ ಬಂದ ಟೀಚರಿಗೆ ಕನ್ನಡ ಬರುತ್ತದೆಯೇ? ಇವೆಲ್ಲ ಅಗತ್ಯದ ಪ್ರಶ್ನೆಗಳೇ. ಆದರೆ ಇವುಗಳ ನಡುವೆ ಇನ್ನೊಂದು ಪ್ರಶ್ನೆ ಕೇಳದೆಯೇ ಉಳಿದುಬಿಡುತ್ತದೆ: ಮಗು ಶಾಲೆಯಲ್ಲಿ ಸೌಖ್ಯವಾಗಿದೆಯೇ?

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಎಂಟನೆಯವರೆಗೆ 220 ದಿನ ಶಾಲೆ ನಡೆಯಬೇಕು. ಅಂದರೆ, ಹೆತ್ತವರನ್ನು ಬಿಟ್ಟರೆ ಒಂದು ಮಗುವನ್ನು ಇಷ್ಟು ದಿನ, ಇಷ್ಟು ಹೊತ್ತು, ಹಗಲಿನ ಬೆಳಕಿನಲ್ಲಿ ನೋಡುವವರು ಟೀಚರು ಮಾತ್ರ. ಮಗು ಬುತ್ತಿ ಬಿಚ್ಚುವುದನ್ನು, ಬಿಚ್ಚದೆ ಇರುವುದನ್ನು, ಬೋರ್ಡಿನ ಕಡೆ ಕಣ್ಣು ಕಿರಿದು ಮಾಡುವುದನ್ನು, ಆಟದ ಬೆಲ್ಲಾದಾಗಲೂ ಬೆಂಚು ಬಿಟ್ಟೇಳದಿರುವುದನ್ನು ಅವರು ಕಾಣುತ್ತಾರೆ. ವೈದ್ಯರು ಮಗುವನ್ನು ನೋಡುವುದು ಜ್ವರ ಬಂದ ದಿನ. ಶಾಲೆ ನೋಡುವುದು ಎಲ್ಲ ದಿನ.

ಇಲ್ಲಿಯೇ ನೀತಿಯ ಒಂದು ಪ್ರಶ್ನೆ ಏಳುತ್ತದೆ. ಕಂಡದ್ದರಿಂದಲೇ ಒಂದು ಹೊಣೆ ಹುಟ್ಟುತ್ತದೆಯೇ? ಅಕ್ಷರ ಕಲಿಸಲು ಸಂಬಳ ಪಡೆಯುವವರು ಮಗುವಿನ ರಕ್ತಹೀನತೆಗೆ, ಹೆದರಿಕೆಗೆ, ಹಸಿವಿಗೆ ಉತ್ತರ ಹೇಳಬೇಕೇ? ಶಾಲೆ ಪಾಠ ಹೇಳುವ ಜಾಗ, ಕಾಯಿಲೆ ಮನೆಯವರ ಪಾಲಿನದು ಎಂದು ಹೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆ ಮಾತನ್ನು ತಳ್ಳಿಹಾಕುವ ಮೊದಲು ನಿಧಾನವಾಗಿ ಯೋಚಿಸುವುದು ಒಳ್ಳೆಯದು.

ಯಾರಿಗಾಗಿ ಈ ಆರೋಗ್ಯ?

ಸರಕಾರಗಳು ಶಾಲೆಯ ಮಗುವಿನ ಶರೀರದ ಕಡೆ ನೋಡಲು ಆರಂಭಿಸಿದ್ದು ಬಹಳ ಹಿಂದೇನಲ್ಲ. ಇಂಗ್ಲೆಂಡಿನಲ್ಲಿ 1906ರಲ್ಲಿ ಶಾಲಾ ಊಟಕ್ಕೆ, 1907ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಗೆ ಕಾನೂನು ಬಂತು. ನಮ್ಮ ದೇಶದಲ್ಲಿ ಬರೋಡಾ ನಗರದಲ್ಲಿ 1909ರಲ್ಲಿ ಶಾಲಾ ಮಕ್ಕಳ ತಪಾಸಣೆ ಆರಂಭವಾಯಿತು. ಇಂಗ್ಲೆಂಡಿನ ಕಾನೂನಿನ ಹಿನ್ನೆಲೆಯನ್ನು ನೋಡಿದರೆ ಮನಸ್ಸು ಸ್ವಲ್ಪ ಮುದುಡುತ್ತದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಸೇರಿಸಹೊರಟಾಗ, ಬಡವರ ಮಕ್ಕಳಾಗಿ ಬೆಳೆದ ಅನೇಕ ಯುವಕರು ಸೈನ್ಯಕ್ಕೆ ಯೋಗ್ಯರಲ್ಲ ಎಂದು ಕಂಡುಬಂತು. ಸಾಮ್ರಾಜ್ಯ ಗಾಬರಿಯಾಯಿತು. ಮಗುವಿಗೆ ಊಟ ಹಾಕಬೇಕೆಂಬ ಬುದ್ಧಿ ಆಗ ಬಂತು. ಮಗುವಿನ ಮೇಲಿನ ಕರುಣೆಯಿಂದ ಕೆಲಸ ಮಾಡಿದವರೂ ಅವರಲ್ಲಿ ಇದ್ದರು, ಸುಳ್ಳಲ್ಲ. ಆದರೆ ಬಾಗಿಲು ತೆರೆದದ್ದು ಸೈನಿಕ ಬೇಕೆಂಬ ಲೆಕ್ಕಾಚಾರ.

ಈಗ ಸೈನಿಕರ ಜಾಗದಲ್ಲಿ ಅಂಕಗಳು ಬಂದಿವೆ. ಮಗುವಿಗೆ ಕಬ್ಬಿಣಾಂಶದ ಮಾತ್ರೆ ಏಕೆ ಎಂದು ಕೇಳಿದರೆ, ಏಕಾಗ್ರತೆ ಹೆಚ್ಚುತ್ತದೆ, ಫಲಿತಾಂಶ ಉತ್ತಮವಾಗುತ್ತದೆ, ನಾಳೆ ದುಡಿಯುವ ಶಕ್ತಿ ಬರುತ್ತದೆ ಎಂಬ ಉತ್ತರ ಸಿಗುತ್ತದೆ. ಇದೂ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1 ಮಂದಿಗೆ, ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31.1 ಮಂದಿಗೆ ರಕ್ತಹೀನತೆ ಇದೆ. ರಕ್ತವಿಲ್ಲದ ತಲೆಗೆ ಗಣಿತ ಹತ್ತುವುದಿಲ್ಲ ಎಂದು ಯಾರಿಗೂ ಗೊತ್ತು. ಆದರೂ ಅಂಕವನ್ನೇ ಕಾರಣವಾಗಿ ಇಟ್ಟುಕೊಂಡರೆ ಒಂದು ಕಡೆ ನಮ್ಮ ವಾದ ಮುರಿದು ಬೀಳುತ್ತದೆ.

ಆ ಕಡೆ ಯಾವುದೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್ ಪ್ರದೇಶದಲ್ಲಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿವೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರು ಎಂದಿಗೂ ಪರೀಕ್ಷೆ ಬರೆಯುವವರಲ್ಲ, ದುಡಿದು ಯಾರಿಗೂ ತಂದು ಕೊಡುವವರಲ್ಲ. ಅವರಿಗೆ ಫಿಸಿಯೋಥೆರಪಿ ಏಕೆ ಬೇಕು? ಮೈ ಒರೆಸಿ, ತುತ್ತು ಕೊಟ್ಟು, ಕೈ ಬೆರಳನ್ನು ಒಂದೊಂದಾಗಿ ಬಿಡಿಸಿ ವ್ಯಾಯಾಮ ಮಾಡಿಸುವುದರಿಂದ ಯಾವ ಫಲಿತಾಂಶ ಏರುತ್ತದೆ? ಲೆಕ್ಕದ ಪ್ರಕಾರ ಯಾವುದೂ ಇಲ್ಲ. ಆದರೂ ಅದನ್ನು ಮಾಡಬೇಕೆಂದು ನಮಗೆಲ್ಲ ಗೊತ್ತು. ಹಾಗೆ ಗೊತ್ತಿರುವುದರಿಂದಲೇ, ಉಳಿದ ಮಕ್ಕಳ ಆರೋಗ್ಯಕ್ಕೂ ನಿಜವಾದ ಕಾರಣ ಅಂಕವಲ್ಲ ಎಂದಾಗುತ್ತದೆ. ಮಗುವಿಗೆ ನೋವಾಗಬಾರದು, ಏಕೆಂದರೆ ಅದು ಮಗು. ಇದಕ್ಕಿಂತ ಹಿಂದೆ ಹೋಗಿ ಹುಡುಕುವ ಕಾರಣ ಬೇರೆ ಇಲ್ಲ.

ಗುಣವೋ, ರೋಗವೋ?

ಶಾಲೆಯಲ್ಲಿ ಆರೋಗ್ಯ ತಪಾಸಣೆಯ ಮೊದಲ ಲಾಭ ಔಷಧವಲ್ಲ, ನ್ಯಾಯ. ಮಕ್ಕಳ ಮೇಲೆ ನಾವು ಕೊಡುವ ತೀರ್ಪುಗಳನ್ನು ಅದು ತಿದ್ದುತ್ತದೆ. ಹಿಂದಿನ ಬೆಂಚಿನ ಹುಡುಗ ಬೋರ್ಡಿನಲ್ಲಿದ್ದುದನ್ನು ತಪ್ಪು ತಪ್ಪಾಗಿ ಬರೆಯುತ್ತಾನೆ. ಅವನಿಗೆ ಗಮನವಿಲ್ಲ ಎನ್ನುತ್ತೇವೆ. ಗೋಡೆಗೆ ಅಕ್ಷರದ ಚಾರ್ಟು ಹಾಕಿ, ಆರು ಮೀಟರು ದೂರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಓದಿಸಿದರೆ ಸಂಗತಿ ಗೊತ್ತಾಗುತ್ತದೆ. ಈ ಚಾರ್ಟನ್ನು ಸ್ನೆಲೆನ್ ಎಂಬ ಡಚ್ ವೈದ್ಯ 1862ರಲ್ಲಿ ಕೊಟ್ಟ. ಅಂದಿನಿಂದ ಅದು ಎಷ್ಟು ಮಕ್ಕಳನ್ನು ದಡ್ಡರ ಪಟ್ಟಿಯಿಂದ ಬಿಡಿಸಿದೆಯೋ ಲೆಕ್ಕವಿಲ್ಲ.

ಹೊಟ್ಟೆಯಲ್ಲಿ ಹುಳುವಿರುವ ಮಗು ಮಂಕಾಗಿ ಕೂರುತ್ತದೆ. ನಾವು ಸೋಮಾರಿ ಎನ್ನುತ್ತೇವೆ. ಒಂದು ಕಿವಿ ಕೇಳಿಸದ ಮಗು ಕರೆದರೆ ಓಗೊಡುವುದಿಲ್ಲ. ನಾವು ಅಹಂಕಾರ ಎನ್ನುತ್ತೇವೆ. ಬೆಳಿಗ್ಗೆ ತಿನ್ನದೆ ಬಂದ ಮಗು ಹನ್ನೊಂದು ಗಂಟೆಗೆ ಸಿಡುಕುತ್ತದೆ. ನಾವು ಕೆಟ್ಟ ಬುದ್ಧಿ ಎನ್ನುತ್ತೇವೆ. ಶರೀರದ ಕೊರತೆಗೆ ಮನಸ್ಸಿನ ದುರ್ಗುಣದ ಹೆಸರಿಟ್ಟು ಶಿಕ್ಷಿಸುವುದು ಸಣ್ಣ ಅನ್ಯಾಯವಲ್ಲ. ಮಗು ಆ ಹೆಸರನ್ನು ನಂಬುತ್ತದೆ. ನಲವತ್ತು ವರ್ಷದವರೆಗೂ ಹೊತ್ತು ನಡೆಯುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಈಚೆಗೆ ಎಲ್ಲ ತುಂಟತನಕ್ಕೂ ಒಂದು ಕಾಯಿಲೆಯ ಹೆಸರು ಹುಡುಕುವ ರೂಢಿ ಬೆಳೆಯುತ್ತಿದೆ. ಮಳೆಯಲ್ಲಿ ಓಡುವ, ಪ್ರಶ್ನೆ ಕೇಳುವ, ಒಂದು ಕಡೆ ಕೂರದ ಮಗುವಿಗೆ ಏನೋ ಆಗಿದೆ ಎಂದು ಶಂಕಿಸುವುದು ಆರೋಗ್ಯ ಸೇವೆಯಲ್ಲ. ಎರಡರಲ್ಲೂ ತಪ್ಪು ಒಂದೇ ಬಗೆಯದು: ಮಗುವನ್ನು ಪೂರ್ತಿಯಾಗಿ ನೋಡುವ ಮೊದಲೇ ಹೆಸರಿಡುವ ಅವಸರ.

ನೋಡಿ ಕಳಿಸಿಬಿಟ್ಟರೆ ಸಾಕೇ?

ನೋಡುವುದರಷ್ಟಕ್ಕೇ ಪುಣ್ಯ ಬರುವುದಿಲ್ಲ. ಇದಕ್ಕೆ ನ್ಯೂಯಾರ್ಕ್ ನಗರದ ಒಂದು ಕಥೆ ಇದೆ. 1902ರ ಸುಮಾರಿಗೆ ಅಲ್ಲಿ ಡಾಕ್ಟರುಗಳು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಕಣ್ಣು ಬೇನೆ, ಹುಳಕಡ್ಡಿ, ಹೇನು ಕಂಡರೆ ಮಗುವಿನ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಚೀಟಿ ಓದಲು ಬಾರದ, ಹೊರದೇಶದಿಂದ ಬಂದ ಬಡ ತಾಯಿ ಏನು ಮಾಡಬೇಕು? ಮಗು ಬೀದಿಯಲ್ಲಿ ಆಡುತ್ತಿತ್ತು. ಸಂಜೆ ಅದೇ ರೋಗ ಹೊತ್ತು ಶಾಲೆಯ ಗೆಳೆಯರ ಜೊತೆ ಸೇರುತ್ತಿತ್ತು. ತಪಾಸಣೆಯ ಫಲವಾಗಿ ಮಗುವಿಗೆ ಶಾಲೆ ತಪ್ಪಿತೇ ಹೊರತು ರೋಗ ತಪ್ಪಲಿಲ್ಲ. ಆಗ ಸಮಾಜಸೇವಕಿ ಲಿಲಿಯನ್ ವಾಲ್ಡ್ ತನ್ನ ಜೊತೆಗಾರ್ತಿ ನರ್ಸ್ ಲೀನಾ ರಾಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗವಾಗಿ ನಾಲ್ಕು ಶಾಲೆಗಳಿಗೆ ಕಳಿಸಿದರು. ಲೀನಾ ಹುಣ್ಣು ತೊಳೆದರು, ಔಷಧ ಹಚ್ಚಿದರು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟರು. ಪ್ರಯೋಗ ಬೇಗನೆ ಬೇರೆ ಶಾಲೆಗಳಿಗೂ ಹರಡಿತು. 1902ರ ಸಪ್ಟೆಂಬರಿನಲ್ಲಿ ಶಾಲೆಯಿಂದ ಹೊರಗೆ ಕಳಿಸಲ್ಪಟ್ಟ ಮಕ್ಕಳು 10,567; ಮರು ವರ್ಷ ಅದೇ ತಿಂಗಳಿನಲ್ಲಿ 1,101.

ಡಾಕ್ಟರು ಕಂಡದ್ದೂ ಲೀನಾ ಕಂಡದ್ದೂ ಅದೇ ಹೇನು, ಅದೇ ಹುಣ್ಣು. ಒಬ್ಬರು ಕಂಡು ಕಳಿಸಿದರು, ಇನ್ನೊಬ್ಬರು ಕಂಡು ಹಿಂದೆಯೇ ನಡೆದರು. ರೋಗವನ್ನು ಹುಡುಕಿ ಹೋಗುವ ತಪಾಸಣೆಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬವರು 1968ರಲ್ಲಿ ಹತ್ತು ನಿಯಮಗಳನ್ನು ಬರೆದುಕೊಟ್ಟರು. ಹುಡುಕಿದ ರೋಗಕ್ಕೆ ಚಿಕಿತ್ಸೆಯ ಸೌಕರ್ಯ ಇರಬೇಕು ಎಂಬುದು ಅವುಗಳಲ್ಲೊಂದು. ವೈದ್ಯಶಾಸ್ತ್ರದ ನಿಯಮವಾದರೂ ಇದು ನೀತಿಯ ನಿಯಮವೂ ಹೌದು. ಉಪಾಯವಿಲ್ಲದೆ ಬಡ ತಾಯಿಗೆ ನಿನ್ನ ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದಷ್ಟೇ ಹೇಳಿ ಹೋಗುವುದು ಸೇವೆಯಲ್ಲ.

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟು ದೋಷ, ಪೋಷಕಾಂಶದ ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಯನ್ನು ಹುಡುಕಿ, ಮೇಲಿನ ಆಸ್ಪತ್ರೆಗೆ ಕಳಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸಬೇಕೆಂದಿದೆ. ಕಾಗದದಲ್ಲಿ ದಾರಿ ಸರಿಯಾಗಿಯೇ ಇದೆ. ಕಷ್ಟವಿರುವುದು ಶಾಲೆಯ ಗೇಟಿಗೂ ಆಸ್ಪತ್ರೆಯ ಗೇಟಿಗೂ ನಡುವಿನ ದಾರಿಯಲ್ಲಿ. ನಮ್ಮಲ್ಲಿ ದೊಡ್ಡ ಕಾಯಿಲೆ ಎಂದರೆ ಮಂಗಳೂರು ಎಂದೇ ಅರ್ಥ. 2020ರಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸಪೂರವಾದದ್ದೆಂದು ಎಲ್ಲರಿಗೂ ತಿಳಿಯಿತು. ಗಡಿ ತೆರೆದಿರುವ ದಿನವೂ ಕೂಲಿ ಬಿಟ್ಟು ಹೋಗಬೇಕಾದ ತಾಯಿಗೆ ಅದು ದೂರವೇ. ಚೀಟಿ ಬರೆದ ಮೇಲೆ, ಹೋದಿರಾ, ಏನು ಹೇಳಿದರು ಎಂದು ತಿಂಗಳ ಬಳಿಕ ಕೇಳುವ ಒಬ್ಬರು ಬೇಕು. ಇಡೀ ವ್ಯವಸ್ಥೆಯಲ್ಲಿ ಬೆಲೆ ಕಡಿಮೆಯದ್ದೂ, ಹೆಚ್ಚಾಗಿ ಕಾಣೆಯಾಗುವುದೂ ಆ ಒಬ್ಬರೇ.

ಯಾವ ಭಾಷೆಯಲ್ಲಿ ನೋಯುತ್ತದೆ?

ಸಪ್ತಭಾಷೆಗಳ ನಾಡು ಎಂದು ನಾವು ಹೆಮ್ಮೆಪಡುತ್ತೇವೆ. ಕಾಯಿಲೆ ಹೇಳಿಕೊಳ್ಳುವಾಗ ಆ ಹೆಮ್ಮೆ ಒಂದು ಪರೀಕ್ಷೆಯಾಗುತ್ತದೆ. ಮಲಯಾಳದಲ್ಲಿ ‘ಸುಖಮಿಲ್ಲ’ ಎಂದರೆ ಮೈ ಹುಷಾರಿಲ್ಲ ಎಂದರ್ಥ. ಕನ್ನಡದ ಮಗುವಿಗೆ ಅದು ಸಂತೋಷವಿಲ್ಲ ಎಂದು ಕೇಳಿಸುತ್ತದೆ. ಅಲ್ಲಿ ‘ವಿಷಮ’ ಎಂದರೆ ಮನಸ್ಸಿನ ಬೇಸರ. ಇಲ್ಲಿ ವಿಷಮ ಸ್ಥಿತಿ ಎಂದರೆ ಜೀವಕ್ಕೆ ಅಪಾಯ. ಅಲ್ಲಿ ‘ಪನಿ’ ಜ್ವರ. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ನಮ್ಮ ಕೊಂಕಣಿ ಮನೆಗಳಲ್ಲಿ ‘ದೂಖ್’ ಎಂದರೆ ನೋವು. ಅದೇ ಶಬ್ದ ಕನ್ನಡದಲ್ಲಿ ದುಃಖವಾಗುತ್ತದೆ. ಹೊಟ್ಟೆಯ ‘ದೂಖ್’ ಹೇಳಿದ ಮಗುವಿಗೆ ಏಕಮ್ಮಾ ದುಃಖ ಎಂದು ಕೇಳಿದರೆ, ನಗಬೇಕೋ ಅಳಬೇಕೋ ಮಗುವಿಗೆ ತಿಳಿಯದು.

ಮುರಿದ ಕೈಯನ್ನು ಯಾವ ಭಾಷೆಯಲ್ಲಾದರೂ ಕಟ್ಟಬಹುದು. ಮುರಿದ ಮನಸ್ಸಿಗೆ ಅದರ ಭಾಷೆಯೇ ಬೇಕು. ಕೇರಳದ ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಮಾತು ಕೇಳಲು ಕೌನ್ಸಿಲರುಗಳನ್ನು ನೇಮಿಸುವ ಯೋಜನೆ ವರ್ಷಗಳಿಂದ ಇದೆ. ಇದು ಒಳ್ಳೆಯ ಕೆಲಸ. ಆದರೆ ಕನ್ನಡ ಮಾಧ್ಯಮದ ಹದಿಮೂರು ವರ್ಷದ ಹುಡುಗಿಯೊಬ್ಬಳು ತನಗೆ ಆದದ್ದನ್ನು ಹೇಳಲು ಧೈರ್ಯ ತಂದುಕೊಂಡು ಹೋದಾಗ, ಎದುರು ಕುಳಿತವರಿಗೆ ಅವಳ ಭಾಷೆ ಬಾರದಿದ್ದರೆ? ಒಬ್ಬ ಗೆಳತಿಯನ್ನು ಕರೆದು ತರ್ಜುಮೆ ಮಾಡಿಸಿದರೆ ಆ ಗಳಿಗೆಗೇ ಗುಟ್ಟು ಹೋಯಿತು. ಟೀಚರನ್ನು ಕರೆದರೆ, ಬಹುಶಃ ಆ ಟೀಚರಿಗೆ ತಿಳಿಯಬಾರದೆಂದೇ ಅವಳು ಬಂದಿರುತ್ತಾಳೆ. ಹುಡುಗಿ ತಲೆನೋವು ಎಂದು ಹೇಳಿ ಎದ್ದು ಹೋಗುತ್ತಾಳೆ. ತಲೆನೋವೆಂದು ದಾಖಲಾಗುತ್ತದೆ.

ಕನ್ನಡ ಬಲ್ಲ ಟೀಚರು ಬೇಕೆಂದು ನಾವು ವರ್ಷಗಳಿಂದ ಕೇಳುತ್ತಲೇ ಬಂದಿದ್ದೇವೆ. ಕನ್ನಡ ಬಲ್ಲ ನರ್ಸು, ಕನ್ನಡ ಬಲ್ಲ ಕೌನ್ಸಿಲರ್ ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಿದ್ದು ಕಡಿಮೆ. ಭಾಷೆಯ ಹಕ್ಕು ಬೋರ್ಡಿಗೂ ಪ್ರಶ್ನೆಪತ್ರಿಕೆಗೂ ಸೀಮಿತವಾದುದಲ್ಲ. ನೋವು ಎಲ್ಲಿದೆಯೆಂದು ಹೇಳಿಕೊಳ್ಳುವ ಹಕ್ಕೂ ಅದರೊಳಗಿದೆ. ಈ ಮಾತು ನಮಗೂ ತಿರುಗಿ ಬರುತ್ತದೆ. ಕನ್ನಡ ಶಾಲೆಗೆ ಬರುವ ಕೊರಗರ, ಮರಾಟಿಗರ, ಬ್ಯಾರಿಗಳ ಮನೆಯ ಮಗು ತನ್ನ ಮನೆಮಾತಿನಲ್ಲಿ ನೋವು ಹೇಳಿದರೆ ಕೇಳಿಸಿಕೊಳ್ಳುವ ಕಿವಿ ನಮ್ಮಲ್ಲಿಯೂ ಇರಬೇಕು.

ಗುಟ್ಟು ಮತ್ತು ಮಾನ

ಮಗು ಹೇಳಿದ್ದನ್ನು ಯಾರಿಗೂ ಹೇಳದಿರುವುದು ಸರಿಯೇ, ಹೇಳುವುದು ಸರಿಯೇ? ಕಥೋಲಿಕರಾದ ನಮಗೆ ಗುಟ್ಟು ಎಂದ ಕೂಡಲೇ ಪಾಪನಿವೇದನೆ, ನಮ್ಮ ಹಿರಿಯರ ಮಾತಿನಲ್ಲಿ ಕುಮ್ಸಾರ್, ನೆನಪಾಗುತ್ತದೆ. ಆ ಮುದ್ರೆಯನ್ನು ಯಾವ ಕಾರಣಕ್ಕೂ ಗುರುಗಳು ಒಡೆಯುವಂತಿಲ್ಲ. ಆದರೆ ಶಾಲೆಯ ಕೌನ್ಸಿಲರನ ಕೋಣೆ ಕುಮ್ಸಾರಿನ ಪೀಠವಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಅದೇ ಅಪರಾಧ. ಹಾಗಾದರೆ, ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡುವ ಅಧಿಕಾರ ಟೀಚರಿಗೂ ಇಲ್ಲ, ಕೌನ್ಸಿಲರಿಗೂ ಇಲ್ಲ, ಉಪದೇಶಿಗಳಿಗೂ ಇಲ್ಲ.

ಪಾಲಿಸಲಾರದ ಮಾತು ಕೊಟ್ಟು ಮಗುವಿನ ಬಾಯಿ ಬಿಡಿಸುವುದು ಮೋಸ. ಮೊದಲೇ ಸತ್ಯ ಹೇಳಬೇಕು: “ನಿನ್ನ ಮಾತು ಊರಿಗೆಲ್ಲ ಹೋಗುವುದಿಲ್ಲ. ಆದರೆ ನಿನಗೆ ಅಪಾಯವಿದ್ದರೆ, ಸಹಾಯ ಮಾಡಬಲ್ಲವರಿಗೆ ನಾನು ಹೇಳಲೇಬೇಕಾಗುತ್ತದೆ. ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.” ಇಷ್ಟು ಪ್ರಾಮಾಣಿಕತೆಯನ್ನು ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ಇದರಿಂದ ಒಂದು ಮಗು ಬಾಯಿ ಮುಚ್ಚಬಹುದು ಎಂಬ ಭಯ ಸಹಜ. ಆದರೆ ಮೋಸ ಹೋದ ಮಗು ಮುಂದೆ ಯಾರ ಎದುರೂ ಬಾಯಿ ತೆರೆಯುವುದಿಲ್ಲ.

ದೊಡ್ಡ ಗುಟ್ಟುಗಳಲ್ಲಿ ಮಾತ್ರವಲ್ಲ, ಸಣ್ಣ ಸಂಗತಿಗಳಲ್ಲೂ ಮಾನವಿದೆ. ರಕ್ತ ಕಡಿಮೆಯಿರುವವರು ಎದ್ದು ನಿಲ್ಲಿ ಎಂದು ಕ್ಲಾಸಿನಲ್ಲಿ ಕೂಗುವುದು, ಎಲ್ಲರೆದುರು ತೂಕ ಓದಿ ಹೇಳುವುದು, ಹೇನು ಇರುವವಳನ್ನು ಬೇರೆ ಬೆಂಚಿಗೆ ಎಬ್ಬಿಸುವುದು – ಇವು ಯಾವ ರೋಗವನ್ನೂ ಗುಣಪಡಿಸಿಲ್ಲ. ಕೇರಳದಲ್ಲಿ ಆರಂಭವಾಗಿ 2019ರಲ್ಲಿ ಕರ್ನಾಟಕಕ್ಕೂ ಬಂದ ‘ವಾಟರ್ ಬೆಲ್’ ಒಳ್ಳೆಯ ಯೋಜನೆ. ದಿನಕ್ಕೆ ಕೆಲವು ಸಲ ಬೆಲ್ಲಾದಾಗ ಮಕ್ಕಳು ನೀರು ಕುಡಿಯಬೇಕು. ಆದರೆ ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲದ ಕಡೆ ಬೆಲ್ಲಾದರೇನು? ಹುಡುಗಿ ಗುಟುಕು ನೀರಿನ ಲೆಕ್ಕ ಹಾಕುತ್ತಾಳೆ, ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತದೆ. ಪ್ರತ್ಯೇಕ ಶೌಚಾಲಯ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಚಿಲಕವನ್ನು ಹಾಕಿಸಲು ಕಾಯ್ದೆ ಬೇಡ, ಒಬ್ಬರು ಒಳಗೆ ಹೋಗಿ ನೋಡಿದರೆ ಸಾಕು.

ಒಂದು ಮಗುವಿನಿಂದ ಒಂದು ಊರಿಗೆ

ಒಂದು ಮಗುವಿನ ಕಾಯಿಲೆ ಒಂದು ಮನೆಯ ಕಷ್ಟ. ಒಂದೇ ಶಾಲೆಯ ಹತ್ತು ಮಕ್ಕಳ ಕಾಯಿಲೆ ಊರಿನ ಪ್ರಶ್ನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಇಡೀ ಊರಿನ ಆರೋಗ್ಯ ಸಾಲಾಗಿ ಬರೆದಿರುತ್ತದೆ, ಓದುವವರು ಬೇಕು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳು ಒಂದೇ ಕಡೆಯ ಮನೆಗಳಿಂದ ಹೆಚ್ಚಾಗಿ ಬರುತ್ತಿರುವುದನ್ನು ಗಮನಿಸಿ ಪ್ರಶ್ನೆ ಎತ್ತಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಬರೆದರು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದಾಗ ಅವರು ಹೋದದ್ದು ಶಾಲೆಗೆ. 2003ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ, ತೋಟದ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರನ್ನು ವಿಷ ಸೋಕದ ಕಡೆಯ 90 ಹುಡುಗರ ಜೊತೆ ಹೋಲಿಸಿದರು. ತೋಟದ ಬದಿಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ಕಂಡುಬಂತು.

ಯಾವ ಕಾಯಿಲೆಗೆ ವಿಷದ ಪಾಲು ಎಷ್ಟು ಎಂಬುದರಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ. ಆದರೆ 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ನೀತಿಯ ದೃಷ್ಟಿಯಿಂದ ನಮಗೆ ಮುಖ್ಯವಾದದ್ದು ಬೇರೆ. ಪ್ರತಿ ಮನೆಯವರೂ ತಮ್ಮ ಮಗುವಿನ ಕಾಯಿಲೆಯನ್ನು ತಮ್ಮ ವಿಧಿ, ತಮ್ಮ ಪಾಪ, ನಾಗದೋಷ ಎಂದು ಒಳಗೇ ಇಟ್ಟುಕೊಂಡು ನರಳಿದರು. ಮಕ್ಕಳನ್ನು ಒಟ್ಟಾಗಿ ನೋಡಿದ ಮೇಲೆಯೇ ಇದು ಪಾಪದ ಫಲವಲ್ಲ, ಪಕ್ಕದ ಮನೆಯಲ್ಲೂ ಹೀಗೇ ಇದೆ ಎಂದು ತಾಯಂದಿರಿಗೆ ತಿಳಿದದ್ದು. ಒಟ್ಟಾಗಿ ಎಣಿಸುವುದು ತಾಯಿಯ ಎದೆಯ ಮೇಲಿನ ಒಂದು ಕಲ್ಲನ್ನು ಇಳಿಸಿತು. ಶಾಲೆಯ ಆರೋಗ್ಯ ದಾಖಲೆಗೆ ಇಂಥ ಶಕ್ತಿಯಿದೆ.

ಎರಡು ಆಕ್ಷೇಪ

ಟೀಚರಿಗೆ ಈಗಲೇ ಹೊರೆ ಹೆಚ್ಚು ಎಂಬುದು ಮೊದಲನೆಯದು. ಚುನಾವಣೆ, ಜನಗಣತಿ, ಮಧ್ಯಾಹ್ನದ ಊಟದ ಲೆಕ್ಕ, ಅಪ್‌ಲೋಡು – ಇವುಗಳ ನಡುವೆ ಅವರು ನರ್ಸೂ ಆಗಬೇಕೇ? ಬೇಡ. ಕಂಡವನ ಹೊಣೆ ಎಂದರೆ ಎಲ್ಲವನ್ನೂ ತಾನೇ ಮಾಡುವ ಹೊಣೆಯಲ್ಲ. ಕಂಡದ್ದನ್ನು ಮಾಡಬಲ್ಲವರ ಕೈಗೆ ತಲಪಿಸುವ ಹೊಣೆ. ಆ ಮಾಡಬಲ್ಲವರನ್ನು ನೇಮಿಸುವುದು ಸರಕಾರದ ಹೊಣೆ. ಟೀಚರ ಒಳ್ಳೆಯತನವನ್ನು ನೆಚ್ಚಿ ನರ್ಸಿನ ಹುದ್ದೆಯನ್ನು ಖಾಲಿ ಬಿಡುವುದು ಟೀಚರಿಗೂ ಮಗುವಿಗೂ ಮಾಡುವ ಅನ್ಯಾಯ.

ಮಗು ಹೆತ್ತವರದು, ಶಾಲೆ ಏಕೆ ಕೈ ಹಾಕಬೇಕು ಎಂಬುದು ಎರಡನೆಯದು. ಇದನ್ನು ಹಗುರವಾಗಿ ನೋಡಬಾರದು. ಮಾತ್ರೆ ಕೊಡುವ ಮೊದಲು ಮನೆಗೆ ತಿಳಿಸಬೇಕು, ಸಂಶಯಗಳಿಗೆ ಉತ್ತರ ಕೊಡಬೇಕು. ಹುಳದ ಮಾತ್ರೆ ನುಂಗಿ ಮಗುವಿಗೆ ಸ್ವಲ್ಪ ಹೊಟ್ಟೆ ತೊಳೆಸಿದರೆ ಹೆದರುವ ತಾಯಿಯನ್ನು ಮೂಢಳೆಂದು ಬೈದರೆ ಮುಂದಿನ ಸಲ ಅವಳು ಆ ದಿನ ಮಗುವನ್ನು ಶಾಲೆಗೇ ಕಳಿಸುವುದಿಲ್ಲ. ಹೆತ್ತವರ ಹಕ್ಕಿಗೆ ಒಂದು ಎಲ್ಲೆಯೂ ಇದೆ. ಮಗು ಹೆತ್ತವರ ಕೈಯಲ್ಲಿ ಇಟ್ಟದ್ದು, ಅವರ ಸೊತ್ತಲ್ಲ. ಅಪಾಯ ಮನೆಯೊಳಗಿಂದಲೇ ಬಂದಾಗ, ಮನೆಯ ಹೊರಗೆ ಅದನ್ನು ಕಾಣುವ ಒಂದು ಜೊತೆ ಕಣ್ಣು ಇರುವುದೇ ಮಗುವಿನ ರಕ್ಷಣೆ.

ನಮ್ಮಿಂದ ಆಗುವುದು

ಇದೆಲ್ಲ ಸರಕಾರದ ಕೆಲಸವೆಂದು ಓದುಗರು ಹೇಳಬಹುದು. ಹೌದು, ಹೆಚ್ಚಿನದು ಸರಕಾರದ್ದೇ. ಆದರೆ ನಮ್ಮಲ್ಲಿ ಅನೇಕರು ಶಾಲೆಯ ಪಿ.ಟಿ.ಎ.ಯಲ್ಲಿ ಇದ್ದಾರೆ, ಪಂಚಾಯತಿನ ಸದಸ್ಯರಿದ್ದಾರೆ, ನಿವೃತ್ತ ನರ್ಸುಗಳು ನಮ್ಮ ಪ್ರತಿ ವಾಳೆಯಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಮುಂದಿನ ಪಿ.ಟಿ.ಎ. ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಡ. ಈ ವರ್ಷ ಕಣ್ಣಿನ ತಪಾಸಣೆ ಆಯಿತೇ? ಕನ್ನಡಕ ಬೇಕೆಂದ ಮಕ್ಕಳಿಗೆ ಕನ್ನಡಕ ಬಂತೇ? ಕೌನ್ಸಿಲರು ಕನ್ನಡ ಬಲ್ಲವರೇ? ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ? ಆಸ್ಪತ್ರೆಗೆ ಬರೆದ ಚೀಟಿ ಹಿಡಿದು ಮಂಗಳೂರಿಗೋ ಕಾಸರಗೋಡಿಗೋ ಹೋಗಬೇಕಾದ ತಾಯಿಯ ಜೊತೆ ಒಂದು ದಿನ ಹೋಗಿ ಬರುವವರು ನಮ್ಮಲ್ಲಿ ಇಬ್ಬರು ಸಿಕ್ಕರೂ ಸಾಕು. ಮಕ್ಕಳಿಗೆ 1098 ಎಂಬ ಚೈಲ್ಡ್‌ಲೈನ್ ನಂಬರನ್ನು, ಮನಸ್ಸು ಕುಗ್ಗಿದವರಿಗೆ 14416 ಎಂಬ ಟೆಲಿ ಮಾನಸ್ ನಂಬರನ್ನು ತಿಳಿಸಿಕೊಡಲು ಖರ್ಚೇನೂ ಇಲ್ಲ.

ಕಂಡದ್ದರಿಂದಲೇ ಹೊಣೆ ಹುಟ್ಟುತ್ತದೆಯೇ ಎಂದು ಆರಂಭದಲ್ಲಿ ಕೇಳಿದೆವು. ಹುಟ್ಟುತ್ತದೆ. ಆದರೆ ಅದು ಟೀಚರೊಬ್ಬರ ತಲೆಯ ಮೇಲೆ ಬೀಳುವ ಹೊಣೆಯಲ್ಲ. ಅವರು ಕಂಡು ಹೇಳುತ್ತಾರೆ. ಹೇಳಿದ ಮೇಲೆ ನಾವೂ ಕಂಡವರೇ. ಕಾಣದೆ ಇದ್ದವರಿಗೆ ಕ್ಷಮೆಯಿದೆ. ಕಂಡು, ಲೆಕ್ಕ ಬರೆದು, ಪುಸ್ತಕ ಮುಚ್ಚಿ ಕಪಾಟಿನಲ್ಲಿ ಇಟ್ಟವರು ಮಗುವಿಗೆ ಏನೆಂದು ಉತ್ತರ ಕೊಡಬೇಕು?